ಋತುಚರ್ಯೆಯ ಆಚಾರ್ಯ ವಾಗ್ಭಟರು

ಭಾರತೀಯ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಚರಕ, ಸುಶ್ರುತ, ವಾಗ್ಭಟ ಎಂಬ ಮೂರು ಹೆಸರುಗಳು ಪ್ರಾತಃಸ್ಮರಣೀಯವಾದುವು. ಚರಕರು ಕಾಯಚಿಕಿತ್ಸೆಗೂ ಸುಶ್ರುತರು ಶಸ್ತ್ರಚಿಕಿತ್ಸೆಗೂ ಹೆಸರಾದರು. ವಾಗ್ಭಟರಾದರೋ ಈ ಎರಡು ಪ್ರವಾಹಗಳನ್ನೂ ಒಂದುಗೂಡಿಸಿ, ಸಾಮಾನ್ಯ ವಿದ್ಯಾರ್ಥಿಯೂ ಬಾಯಿಪಾಠ ಮಾಡಬಹುದಾದ ಒಂದು ಗ್ರಂಥವನ್ನಾಗಿ ರೂಪಿಸಿಕೊಟ್ಟರು. ಋತು ಬದಲಾಗುವಾಗ ದೇಹವನ್ನು ಶುದ್ಧಿಗೊಳಿಸಬೇಕು, ಅದರೊಡನೆ ಮನಸ್ಸನ್ನೂ ತೊಳೆದುಕೊಳ್ಳಬೇಕು ಎಂಬ ವಿಚಾರವು ಇಂದು ಅಂಗಡಿಯ ಡಬ್ಬಿಗಳ ಮೇಲೂ ಜಾಹೀರಾತುಗಳಲ್ಲಿಯೂ ಎಲ್ಲೆಲ್ಲೂ ಕಾಣಿಸುತ್ತಿದೆ. ಇದನ್ನು ಕ್ರಮಬದ್ಧವಾಗಿ, ಎಚ್ಚರಿಕೆಯ ಮಾತುಗಳೊಡನೆ ಹೇಳಿದ ಹಿರಿಯರಲ್ಲಿ ವಾಗ್ಭಟರು ಅಗ್ರಗಣ್ಯರು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಭಟ್ಟಿಯ ಮುಂದೆಯೋ ಗಲ್ಲೆಯ ಮೇಲೆಯೋ ಕಚೇರಿಯ ಮೇಜಿನ ಬಳಿಯೋ ಕಳೆಯುವ ನಮ್ಮ ಬಂಧುಗಳು ಈ ಮಹನೀಯರ ಜೀವನವನ್ನೂ ಬೋಧನೆಯನ್ನೂ ಅರಿತುಕೊಳ್ಳುವುದು ಉಚಿತವೇ ಸರಿ.

ಜನನ ಮತ್ತು ವಿದ್ಯಾಭ್ಯಾಸ

ನಮ್ಮ ದೇಶದ ಪ್ರಾಚೀನ ಗ್ರಂಥಕಾರರಲ್ಲಿ ಅನೇಕರು ತಮ್ಮ ವಿಷಯವಾಗಿ ಒಂದು ಮಾತನ್ನೂ ಬರೆದಿಟ್ಟವರಲ್ಲ. ವಾಗ್ಭಟರು ಆ ಮಟ್ಟಿಗೆ ಉದಾರಿಗಳು. ಅಷ್ಟಾಂಗಸಂಗ್ರಹದ ಕೊನೆಯಲ್ಲಿ ಅವರು ತಮ್ಮ ವಂಶವನ್ನು ಸಂಕ್ಷೇಪವಾಗಿ ನಿವೇದಿಸಿಕೊಂಡಿದ್ದಾರೆ. ಅವರ ತಾತನ ಹೆಸರೂ ವಾಗ್ಭಟನೆಂದೇ. ಆತನು ಶ್ರೇಷ್ಠ ವೈದ್ಯನಾಗಿದ್ದನು. ಆತನ ಮಗ ಸಿಂಹಗುಪ್ತ. ಸಿಂಹಗುಪ್ತನ ಮಗ ನಮ್ಮ ವಾಗ್ಭಟರು. ಹುಟ್ಟಿದ್ದು ಸಿಂಧೂ ದೇಶದಲ್ಲಿ. ಅವಲೋಕಿತನೆಂಬ ಗುರುವಿನಿಂದಲೂ, ಆ ಗುರುವಿಗಿಂತ ಹಿರಿಯ ಗುರುವಾದ ತಂದೆಯಿಂದಲೂ ಅವರು ವಿದ್ಯೆಯನ್ನು ಪಡೆದರು. ಅವರ ಕಾಲವು ಕ್ರಿಸ್ತಶಕ 6ನೆಯ ಶತಮಾನದ ಕೊನೆ ಅಥವಾ 7ನೆಯ ಶತಮಾನದ ಆದಿಭಾಗವೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ.

ಸಿಂಧವೆಂದರೆ ನಮಗೆ ದೂರದ ನಾಡಲ್ಲ. 1947ರ ದೇಶವಿಭಜನೆಯ ತರುವಾಯ ಮನೆಮಠಗಳನ್ನು ತೊರೆದು ಬಂದ ಸಿಂಧೀ ಕುಟುಂಬಗಳು ಕಲ್ಯಾಣದ ಬಳಿಯ ಉಲ್ಲಾಸನಗರದಲ್ಲಿಯೂ ಥಾಣೆಯ ಕೋಪರಿಯಲ್ಲಿಯೂ ನೆಲೆಸಿದುವು. ಇಂದು ಕೋಪರಿಯಲ್ಲಿ ಕನ್ನಡಿಗನ ನೆರೆಮನೆಯವನು ಸಿಂಧೀ ಆಗಿದ್ದರೆ ಆಶ್ಚರ್ಯವಿಲ್ಲ. ವಾಗ್ಭಟರು ಹುಟ್ಟಿದ ನೆಲದಿಂದ ಬಂದವರೂ ತುಳುನಾಡಿನ ಕಡಲತೀರದಿಂದ ಬಂದವರೂ ಒಂದೇ ರೈಲು ನಿಲ್ದಾಣದಲ್ಲಿ ಇಳಿದು ಒಂದೇ ಬೀದಿಯಲ್ಲಿ ನಡೆಯುತ್ತಿರುವುದು ಕಾಲದ ವಿಚಿತ್ರವೇ ಸರಿ.

ಎರಡು ಗ್ರಂಥಗಳು

ವಾಗ್ಭಟರ ಕಾಲಕ್ಕೆ ವೈದ್ಯಶಾಸ್ತ್ರವು ಬೃಹದಾಕಾರವಾಗಿ ಬೆಳೆದಿತ್ತು. ಅದರ ಅಂಗಗಳು ಎಂಟು: ಕಾಯಚಿಕಿತ್ಸೆ, ಬಾಲಚಿಕಿತ್ಸೆ, ಗ್ರಹಚಿಕಿತ್ಸೆ, ಕಣ್ಣು ಕಿವಿ ಮೂಗುಗಳಿಗೆ ಸೇರಿದ ಊರ್ಧ್ವಾಂಗಚಿಕಿತ್ಸೆ, ಶಸ್ತ್ರಚಿಕಿತ್ಸೆ, ವಿಷಚಿಕಿತ್ಸೆ, ರಸಾಯನ ಮತ್ತು ವಾಜೀಕರಣ. ಒಂದೊಂದು ಸಂಹಿತೆಯು ಒಂದೊಂದು ಅಂಗವನ್ನು ಹಿಗ್ಗಿಸಿ ಹೇಳುತ್ತಿತ್ತು. ಎಲ್ಲವನ್ನೂ ಓದಿ ಮುಗಿಸುವುದಕ್ಕೆ ಮನುಷ್ಯನ ಆಯುಷ್ಯ ಸಾಲದು. ಒಂದನ್ನೇ ಓದಿದವನು ಉಳಿದ ರೋಗಗಳ ಮುಂದೆ ಕೈಕಟ್ಟಿ ನಿಲ್ಲಬೇಕು. ಈ ಕೊರತೆಯನ್ನು ಕಂಡ ವಾಗ್ಭಟರು ಹರಡಿಹೋಗಿದ್ದ ಶಾಸ್ತ್ರದ ಸಾರವನ್ನು ಎತ್ತಿಕೊಂಡು, ತಮ್ಮ ಯುಗಕ್ಕೆ ತಕ್ಕಂತೆ ಹೊಂದಿಸಲು ನಿರ್ಧರಿಸಿದರು.

ಇದರ ಫಲವಾಗಿ ಗದ್ಯ ಪದ್ಯಗಳಿಂದ ಕೂಡಿದ, 150 ಅಧ್ಯಾಯಗಳ ಅಷ್ಟಾಂಗಸಂಗ್ರಹವು ಹುಟ್ಟಿತು. ಕೇವಲ ಪದ್ಯರೂಪದ, 6 ಸ್ಥಾನಗಳ, 120 ಅಧ್ಯಾಯಗಳ ಅಷ್ಟಾಂಗಹೃದಯವು ಇನ್ನೊಂದು. ಅತಿ ಸಂಕ್ಷೇಪವೂ ಅಲ್ಲದ, ಅತಿ ವಿಸ್ತಾರವೂ ಅಲ್ಲದ ಈ ಎರಡನೆಯ ಗ್ರಂಥವೇ ಅವರಿಗೆ ಅಮರಕೀರ್ತಿಯನ್ನು ತಂದಿತು. ಎರಡನ್ನೂ ಒಬ್ಬರೇ ಬರೆದರೋ ಇಬ್ಬರು ವಾಗ್ಭಟರಿದ್ದರೋ ಎಂಬ ಬಗ್ಗೆ ಪಂಡಿತರಲ್ಲಿ ಚರ್ಚೆ ನಡೆದೇ ಇದೆ. ವೈದ್ಯರಲ್ಲಿ ಅನೇಕರು ಇಂದಿಗೂ ಇಬ್ಬರನ್ನೂ ಒಬ್ಬರೆಂದೇ ಭಾವಿಸಿ ಪೂಜಿಸುತ್ತಾರೆ.

ವಿರೋಧ ಮತ್ತು ಉತ್ತರ

ಹೊಸ ಗ್ರಂಥಕ್ಕೆ ಸ್ವಾಗತವು ಸುಲಭವಾಗಿ ದೊರೆಯುವುದಿಲ್ಲ. ಋಷಿಗಳು ಹೇಳಿದ ಶಾಸ್ತ್ರವಿರುವಾಗ ಋಷಿಯಲ್ಲದ ಮನುಷ್ಯನ ಮಾತನ್ನು ನಂಬುವುದು ಹೇಗೆ ಎಂಬ ಆಕ್ಷೇಪವು ಬರುವುದೆಂದು ವಾಗ್ಭಟರಿಗೆ ತಿಳಿದಿತ್ತು. ಅದಕ್ಕೆ ಅವರು ಗ್ರಂಥದ ಕೊನೆಯಲ್ಲಿ ಕೊಟ್ಟಿರುವ ಸಮಾಧಾನವು ಧೀರವಾದುದು. ಋಷಿವಾಕ್ಯವೆಂಬ ಒಂದೇ ಕಾರಣಕ್ಕೆ ಪ್ರೀತಿಯಿದ್ದರೆ, ಜನರು ಚರಕ ಸುಶ್ರುತರನ್ನು ಬಿಟ್ಟು ಭೇಲನೇ ಮೊದಲಾದ ಇತರ ಋಷಿಗಳ ಗ್ರಂಥಗಳನ್ನು ಏಕೆ ಓದುತ್ತಿಲ್ಲವೆಂದು ಅವರು ಕೇಳುತ್ತಾರೆ. ಚರಕ ಸುಶ್ರುತರನ್ನು ಜನರು ಆರಿಸಿಕೊಂಡದ್ದು ಅವರ ಮಾತು ಚೆನ್ನಾಗಿರುವುದರಿಂದಲೇ. ವಾತಕ್ಕೆ ಎಣ್ಣೆ, ಪಿತ್ತಕ್ಕೆ ತುಪ್ಪ, ಕಫಕ್ಕೆ ಜೇನು ಹಿತವೆಂಬ ಮಾತನ್ನು ಬ್ರಹ್ಮನೇ ಹೇಳಲಿ, ಬ್ರಹ್ಮನ ಮಗನೇ ಹೇಳಲಿ, ಆಡಿದವನ ಹೆಸರಿನಿಂದ ಔಷಧದ ಗುಣವು ಹೆಚ್ಚುವುದಿಲ್ಲ. ಆದುದರಿಂದ ಪಕ್ಷಪಾತವನ್ನು ಬಿಟ್ಟು ಒಳ್ಳೆಯ ಮಾತನ್ನು ಸ್ವೀಕರಿಸಬೇಕೆಂಬುದು ಅವರ ನಿಲುವು. ಸಾವಿರದ ನಾನೂರು ವರ್ಷಗಳ ಹಿಂದೆ ಶಾಸ್ತ್ರಕಾರನೊಬ್ಬನು ಇಷ್ಟು ಧೈರ್ಯದಿಂದ ನುಡಿದನೆಂಬುದು ನಾವು ಹೆಮ್ಮೆಪಡತಕ್ಕ ಸಂಗತಿ.

ಅವರ ಮತದ ವಿಷಯದಲ್ಲಿಯೂ ವಾದವಿವಾದಗಳುಂಟು. ಸಂಗ್ರಹದ ಮಂಗಲಾಚರಣೆಯಲ್ಲಿ ಬುದ್ಧನಿಗೆ ನಮಸ್ಕಾರವಿದೆ. ಅವಲೋಕಿತನೆಂಬ ಗುರುವಿನ ಹೆಸರೂ ಬೌದ್ಧರದೇ. ಅದೇ ಗ್ರಂಥಗಳಲ್ಲಿ ದೇವ ಬ್ರಾಹ್ಮಣರ ಪೂಜೆಯೂ ವೈದಿಕ ಕರ್ಮಗಳೂ ಹೇಳಲ್ಪಟ್ಟಿವೆ. ಕೇರಳದಲ್ಲಿ ಒಂದು ಐತಿಹ್ಯವಿದೆ. ವಾಗ್ಭಟರು ವೇಷ ಮರೆಸಿಕೊಂಡು ಅನ್ಯಮತದ ಗುರುವಿನಿಂದ ವಿದ್ಯೆ ಕಲಿತರೆಂದೂ, ಹಿಂದಿರುಗಿದಾಗ ಸ್ವಜನರೇ ಅವರನ್ನು ಬಹಿಷ್ಕರಿಸಿದರೆಂದೂ ಅದು ಹೇಳುತ್ತದೆ. ಇದು ಚರಿತ್ರೆಯಲ್ಲ, ಕಥೆ. ಆದರೆ ವಿದ್ಯೆಗೆ ಜಾತಿಮತಗಳ ಗೋಡೆ ಸಲ್ಲದೆಂಬ ಅವರ ಮನೋಧರ್ಮವನ್ನು ಈ ಕಥೆಯು ಸರಿಯಾಗಿಯೇ ಹಿಡಿದಿದೆ.

ಇನ್ನೊಂದು ಜನಪ್ರಿಯ ಕಥೆಯೂ ಉಂಟು. ದೇವವೈದ್ಯನು ಪಕ್ಷಿಯ ರೂಪದಿಂದ ಬಂದು ವೈದ್ಯರ ಮನೆಗಳ ಮುಂದೆ ಕುಳಿತು, ನಿರೋಗಿ ಯಾರೆಂದು ಕೂಗಿ ಕೇಳಿದನಂತೆ. ಒಬ್ಬರು ಲೇಹ್ಯದ ಹೆಸರು ಹೇಳಿದರು, ಮತ್ತೊಬ್ಬರು ಭಸ್ಮದ ಹೆಸರು ಹೇಳಿದರು. ಪಕ್ಷಿಗೆ ತೃಪ್ತಿಯಾಗಲಿಲ್ಲ. ವಾಗ್ಭಟರು ಮಾತ್ರ ಔಷಧದ ಮಾತೆತ್ತದೆ, ಹಿತವಾದುದನ್ನು ಉಣ್ಣುವವನು, ಮಿತವಾಗಿ ಉಣ್ಣುವವನು, ನ್ಯಾಯವಾಗಿ ಗಳಿಸಿ ಉಣ್ಣುವವನು ನಿರೋಗಿಯೆಂದು ಉತ್ತರ ಕೊಟ್ಟರಂತೆ. ಪಕ್ಷಿಯು ಸಂತೋಷದಿಂದ ಹಾರಿಹೋಯಿತು.

ಆರು ಋತುಗಳ ಲೆಕ್ಕ

ಅಷ್ಟಾಂಗಹೃದಯದ ಸೂತ್ರಸ್ಥಾನದ 3ನೆಯ ಅಧ್ಯಾಯಕ್ಕೆ ಋತುಚರ್ಯೆಯೆಂದು ಹೆಸರು. ವಾಗ್ಭಟರು ವರ್ಷವನ್ನು ಎರಡು ಭಾಗ ಮಾಡುತ್ತಾರೆ. ಶಿಶಿರ, ವಸಂತ, ಗ್ರೀಷ್ಮಗಳು ಉತ್ತರಾಯಣ. ಆಗ ಸೂರ್ಯನು ಪ್ರಾಣಿಗಳ ಬಲವನ್ನು ಹೀರಿಕೊಳ್ಳುತ್ತಾನೆ. ವರ್ಷ, ಶರತ್, ಹೇಮಂತಗಳು ದಕ್ಷಿಣಾಯನ. ಆಗ ಚಂದ್ರನ ತಂಪಿನಿಂದ ಬಲವು ಮರಳುತ್ತದೆ. ಚಳಿಗಾಲದಲ್ಲಿ ಬಲವೂ ಜಠರಾಗ್ನಿಯೂ ಹೆಚ್ಚು; ಕಡುಬೇಸಗೆಯಲ್ಲಿಯೂ ಮಳೆಗಾಲದಲ್ಲಿಯೂ ಎರಡೂ ಕಡಿಮೆ.

ದೋಷಗಳ ಲೆಕ್ಕವೂ ಹೀಗೆಯೇ. ಶಿಶಿರದಲ್ಲಿ ಶೇಖರವಾದ ಕಫವು ವಸಂತದ ಬಿಸಿಲಿಗೆ ಕರಗಿ ಕೆರಳುತ್ತದೆ. ಗ್ರೀಷ್ಮದಲ್ಲಿ ಕೂಡಿದ ವಾತವು ಮಳೆಗಾಲದಲ್ಲಿ ಕೆರಳುತ್ತದೆ. ಮಳೆಗಾಲದಲ್ಲಿ ಕೂಡಿದ ಪಿತ್ತವು ಶರದೃತುವಿನ ಬಿಸಿಲಿಗೆ ಕೆರಳುತ್ತದೆ. ಸಾಲವು ಬಡ್ಡಿಯೊಡನೆ ಬೆಳೆಯುವ ಮುನ್ನ ತೀರಿಸಬೇಕಾದಂತೆ, ಕೂಡಿದ ದೋಷವನ್ನು ರೋಗವಾಗುವ ಮುನ್ನ ಹೊರಹಾಕಬೇಕು. ಇದಕ್ಕೆಂದು ಚೈತ್ರದಲ್ಲಿ ವಮನವನ್ನೂ ಶ್ರಾವಣದಲ್ಲಿ ಬಸ್ತಿಯನ್ನೂ ಕಾರ್ತಿಕದಲ್ಲಿ ವಿರೇಚನವನ್ನೂ ವಾಗ್ಭಟರು ವಿಧಿಸಿದ್ದಾರೆ. ಈ ತಿಂಗಳುಗಳಲ್ಲಿ ಚಳಿ, ಮಳೆ, ಬಿಸಿಲುಗಳು ಮಿತವಾಗಿರುವುದರಿಂದ ದೇಹವು ಶೋಧನೆಯನ್ನು ತಾಳಬಲ್ಲದೆಂಬುದು ಅವರ ಯುಕ್ತಿ. ಉಪವಾಸದಿಂದಲೂ ಪಾಚನದಿಂದಲೂ ಅಡಗಿಸಿದ ದೋಷವು ಮತ್ತೆ ತಲೆಯೆತ್ತಬಹುದು, ಶೋಧಿಸಿ ತೆಗೆದುದು ಮರಳಿ ಬರುವುದಿಲ್ಲವೆಂದು ಅವರು ಬಗೆದಿದ್ದರು.

ಋತುಸಂಧಿಯ ವಿಷಯವಾಗಿ ಅವರು ಹೇಳಿದ ನಿಯಮವು ಬಡವ ಬಲ್ಲಿದರೆಲ್ಲರಿಗೂ ಸಲ್ಲುವಂತಹದು. ಕಳೆಯುವ ಋತುವಿನ ಕೊನೆಯ 7 ದಿನ, ಬರುವ ಋತುವಿನ ಮೊದಲ 7 ದಿನ, ಒಟ್ಟು 14 ದಿನಗಳಲ್ಲಿ ಹಳೆಯ ಆಹಾರವಿಹಾರಗಳನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತ ಹೊಸದನ್ನು ಸ್ವಲ್ಪಸ್ವಲ್ಪವಾಗಿ ಹಿಡಿಯಬೇಕು. ಒಮ್ಮೆಗೇ ಬಿಟ್ಟರೂ ರೋಗ, ಒಮ್ಮೆಗೇ ಹಿಡಿದರೂ ರೋಗ. ಜೂನ್ ತಿಂಗಳಿನಲ್ಲಿ ಮೊದಲ ಮಳೆ ಬಿದ್ದ ದಿನವೇ ಕರಿದ ತಿಂಡಿಗೆ ಮುಗಿಬೀಳುವ ನಮ್ಮ ಮುಂಬಯಿಯ ವಾಡಿಕೆಯನ್ನು ಅವರು ಮೆಚ್ಚುತ್ತಿರಲಿಲ್ಲ.

ಮಳೆಗಾಲಕ್ಕೆ ಅವರ ಸಲಹೆಗಳು ಬಹು ಸರಳ. ಹಳೆಯ ಧಾನ್ಯದ ಅನ್ನ, ಹೆಸರುಬೇಳೆಯ ಕಟ್ಟು, ಕುದಿಸಿದ ನೀರು ಹಿತ. ನದಿಯ ನೀರು, ಹಗಲು ನಿದ್ದೆ, ಅತಿಯಾದ ಶ್ರಮ ವರ್ಜ್ಯ. ಬರಿಗಾಲಿನಲ್ಲಿ ನಡೆಯಕೂಡದು. 2005ರ ಜುಲೈ 26ರ ಮಹಾಪ್ರವಾಹದ ತರುವಾಯ, ಹೊಲಸು ನೀರಿನಲ್ಲಿ ನಡೆದ ಅನೇಕರಿಗೆ ಇಲಿಜ್ವರ ತಗಲಿದುದನ್ನು ಮುಂಬಯಿ ಕಂಡಿದೆ. ವಾಗ್ಭಟರಿಗೆ ರೋಗಾಣುವಿನ ಪರಿಚಯವಿರಲಿಲ್ಲ. ಆದರೆ ನೀರನ್ನು ಕುದಿಸಬೇಕು, ಪಾದವನ್ನು ಕಾಪಾಡಬೇಕು ಎಂಬ ಅನುಭವದ ಮಾತು ಅಂದಿಗೂ ಇಂದಿಗೂ ಒಂದೇ.

ಶೋಧನೆಯ ಎಚ್ಚರಿಕೆ

ಶೋಧನೆಯೆಂದರೆ ಪೇಟೆಯಿಂದ ಪುಡಿ ತಂದು ರಾತ್ರಿ ನುಂಗಿ ಬೆಳಿಗ್ಗೆ ಕೆಲಸಕ್ಕೆ ಓಡುವುದಲ್ಲ. ಮೊದಲು ಎಣ್ಣೆ ತುಪ್ಪಗಳಿಂದ ಸ್ನೇಹನ, ಬಳಿಕ ಬೆವರಿಳಿಸುವ ಸ್ವೇದನ, ಆಮೇಲೆ ಶೋಧನೆ. ಈ ಪೂರ್ವಕರ್ಮವಿಲ್ಲದೆ ಶೋಧಿಸಹೊರಟರೆ, ಒಣ ಕಟ್ಟಿಗೆಯನ್ನು ಬಗ್ಗಿಸಹೋದಂತೆ ಶರೀರವು ಮುರಿಯುವುದೆಂದು ಆಯುರ್ವೇದವು ಎಚ್ಚರಿಸುತ್ತದೆ. ಶೋಧನೆಯ ತರುವಾಯವೂ ಒಮ್ಮೆಗೇ ಊಟ ಸಲ್ಲದು. ಮೊದಲು ತಿಳಿಗಂಜಿ, ಬಳಿಕ ಮಂದವಾದ ಗಂಜಿ, ಆಮೇಲೆ ಬೇಳೆಯ ಕಟ್ಟು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಗರ್ಭಿಣಿಯರು, ಬಾಲಕರು, ವೃದ್ಧರು, ತೀರ ಕೃಶರಾದವರು, ಹೃದ್ರೋಗಿಗಳು ಮುಂತಾದವರಿಗೆ ವಮನವನ್ನು ವಾಗ್ಭಟರೇ ನಿಷೇಧಿಸಿದ್ದಾರೆ.

ಆಧುನಿಕ ವೈದ್ಯಶಾಸ್ತ್ರವು ವಾತ ಪಿತ್ತ ಕಫಗಳ ಲೆಕ್ಕವನ್ನು ಒಪ್ಪುವುದಿಲ್ಲ. ದೇಹದ ಕಶ್ಮಲವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ನಿತ್ಯವೂ ಹೊರಹಾಕುತ್ತಿರುವುವೆಂದು ಅದು ಹೇಳುತ್ತದೆ. ಬಲವಾದ ಭೇದಿಯಿಂದ ದೇಹದ ನೀರೂ ಲವಣಗಳೂ ಕುಗ್ಗಿ ಅಪಾಯವಾಗುವುದುಂಟು. ಮಧುಮೇಹಕ್ಕೋ ರಕ್ತದೊತ್ತಡಕ್ಕೋ ಔಷಧ ಸೇವಿಸುವವರು ಶೋಧನೆಯ ಹೆಸರಿನಲ್ಲಿ ಅದನ್ನು ನಿಲ್ಲಿಸಲೇಬಾರದು. ಅರ್ಹ ವೈದ್ಯರನ್ನು ಕೇಳದೆ ಕೈಹಾಕುವುದು ಶಾಸ್ತ್ರಕ್ಕೂ ವಿರೋಧ, ವಿವೇಕಕ್ಕೂ ವಿರೋಧ.

ತಡೆಯಬಾರದ ವೇಗ, ತಡೆಯಬೇಕಾದ ವೇಗ

ಋತುಚರ್ಯೆಯ ಮರುಅಧ್ಯಾಯದಲ್ಲಿ ವಾಗ್ಭಟರ ದೃಷ್ಟಿಯು ದೇಹದಿಂದ ಮನಸ್ಸಿನ ಕಡೆಗೆ ಹೊರಳುತ್ತದೆ. ಮಲ, ಮೂತ್ರ, ಹಸಿವು, ಬಾಯಾರಿಕೆ, ನಿದ್ದೆ, ಸೀನು, ಕೆಮ್ಮು, ಆಕಳಿಕೆ, ಕಣ್ಣೀರು ಮೊದಲಾದ 13 ವೇಗಗಳನ್ನು ಬಲವಂತವಾಗಿ ತಡೆಯಬಾರದು. ತಡೆದರೆ ಒಂದೊಂದರಿಂದಲೂ ಒಂದೊಂದು ಬಗೆಯ ರೋಗ ಹುಟ್ಟುವುದೆಂದು ಅವರು ವಿವರಿಸುತ್ತಾರೆ. ಗಿರಾಕಿಗಳ ನೂಕುನುಗ್ಗಲಿನಲ್ಲಿ ಮೂತ್ರಕ್ಕೆ ಹೋಗಲು ಬಿಡುವಿಲ್ಲದ ಸಪ್ಲಾಯರನೂ, ಡೊಂಬಿವಲಿಯಿಂದ ಕೋಟೆಯವರೆಗೆ ಲೋಕಲ್ ಗಾಡಿಯಲ್ಲಿ ನಿಂತೇ ಹೋಗುವ ಕಾರಕೂನನೂ, ಊರಿನಿಂದ ಕೆಟ್ಟ ಸುದ್ದಿ ಬಂದರೂ ಕಣ್ಣೀರನ್ನು ನುಂಗಿಕೊಂಡು ತಟ್ಟೆ ತೊಳೆಯುವ ಹುಡುಗನೂ ಈ ಅಧ್ಯಾಯವನ್ನು ತಮಗಾಗಿಯೇ ಬರೆದುದೆಂದು ತಿಳಿಯಬಹುದು. ಕೆಲಸದ ಯಜಮಾನರೂ ಇದನ್ನು ಗಮನಿಸಬೇಕು. ಐದು ನಿಮಿಷದ ಬಿಡುವು ಕೊಡುವುದು ದಯೆಯ ಮಾತಲ್ಲ, ಆರೋಗ್ಯದ ಮಾತು.

ಆದರೆ ತಡೆಯಲೇಬೇಕಾದ ವೇಗಗಳೂ ಇವೆ. ಲೋಭ, ಈರ್ಷ್ಯೆ, ದ್ವೇಷ, ಮಾತ್ಸರ್ಯ, ರಾಗ ಇವುಗಳನ್ನು ಇಹಪರಗಳಲ್ಲಿ ಹಿತವನ್ನು ಬಯಸುವವನು ಜಿತೇಂದ್ರಿಯನಾಗಿ ಹಿಡಿದು ನಿಲ್ಲಿಸಬೇಕು. ದೇಹದ ವೇಗವನ್ನು ಬಿಡು, ಮನಸ್ಸಿನ ವೇಗವನ್ನು ಹಿಡಿ ಎಂಬುದೇ ಇದರ ತಿರುಳು. ನಾವು ಬಹುಮಟ್ಟಿಗೆ ಇದನ್ನು ತಿರುಗುಮುರುಗಾಗಿ ಮಾಡುತ್ತಿದ್ದೇವೆ. ಅಷ್ಟಾಂಗಹೃದಯದ ಮೊದಲ ಶ್ಲೋಕದಲ್ಲಿಯೇ ವಾಗ್ಭಟರು ರಾಗಾದಿಗಳನ್ನು ರೋಗಗಳೆಂದು ಕರೆದು, ಅವುಗಳನ್ನು ನಾಶಮಾಡಿದ ಅಪೂರ್ವ ವೈದ್ಯನಿಗೆ ನಮಸ್ಕರಿಸಿದ್ದಾರೆ. ಬುದ್ಧಿ, ಧೈರ್ಯ, ಆತ್ಮವಿಚಾರ ಇವೇ ಮನಸ್ಸಿನ ಪರಮೌಷಧ. ಹಗಲಿರುಳುಗಳು ಕಳೆಯುತ್ತಿರುವಾಗ ತಾನು ಹೇಗೆ ಬಾಳುತ್ತಿದ್ದೇನೆಂದು ನಿತ್ಯವೂ ನೆನೆಯುವವನು ದುಃಖಕ್ಕೆ ಭಾಗಿಯಾಗನು ಎಂಬುದು ಅವರ ಉಪದೇಶ.

ಗ್ರಂಥದ ದಿಗ್ವಿಜಯ

ವಾಗ್ಭಟರ ಜನ್ಮಭೂಮಿಯನ್ನು 712ರಲ್ಲಿ ಅರಬರು ಗೆದ್ದುಕೊಂಡರು. ಆದರೆ ಅವರ ವಿದ್ಯೆಯು ಸೋಲಲಿಲ್ಲ. 850ರಲ್ಲಿ ಅಲ್ ತಬರಿ ಎಂಬ ವೈದ್ಯನು ಅರಬ್ಬಿಯಲ್ಲಿ ಬರೆದ ಮಹಾಗ್ರಂಥದಲ್ಲಿ ಭಾರತೀಯ ವೈದ್ಯದ ಸಾರವನ್ನು ಕೊಡುವಾಗ ಚರಕ ಸುಶ್ರುತರೊಡನೆ ಅಷ್ಟಾಂಗಹೃದಯವನ್ನೂ ಬಳಸಿಕೊಂಡನು. 11ನೆಯ ಶತಮಾನದಲ್ಲಿ ರಿಂಚೆನ್ ಸಂಗ್ಪೋ ಎಂಬ ಪಂಡಿತನು ಅದನ್ನು ಟಿಬೆಟ್ಟಿನ ಭಾಷೆಗೆ ಇಳಿಸಿದನು. 1941ರಲ್ಲಿ ಜರ್ಮನ್ ಭಾಷೆಯ ಸಂಪೂರ್ಣ ಅನುವಾದವು ಹೊರಬಂದಿತು. ಕೇರಳದ ಅಷ್ಟವೈದ್ಯರ ಮನೆತನಗಳಿಗಂತೂ ಅದೇ ಮೂಲಾಧಾರ; ಶಿಷ್ಯರು ಅದನ್ನು ಆಮೂಲಾಗ್ರವಾಗಿ ಕಂಠಸ್ಥ ಮಾಡುತ್ತಿದ್ದರು.

ಮಹಾರಾಷ್ಟ್ರಕ್ಕೂ ಈ ಗ್ರಂಥಕ್ಕೂ ವಿಶೇಷ ನಂಟುಂಟು. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಅರಸರ ಮಂತ್ರಿಯಾಗಿದ್ದ ಹೇಮಾದ್ರಿಯು ಇದಕ್ಕೆ ಆಯುರ್ವೇದರಸಾಯನವೆಂಬ ವ್ಯಾಖ್ಯಾನವನ್ನು ಬರೆದನು. ಆ ಅರಸರ ಶಾಸನಗಳು ಕನ್ನಡದಲ್ಲಿಯೂ ಇವೆಯೆಂಬುದನ್ನು ಕನ್ನಡಿಗರು ಮರೆಯಬಾರದು. ಅರುಣದತ್ತನ ಸರ್ವಾಂಗಸುಂದರಾ ವ್ಯಾಖ್ಯಾನದೊಡನೆ ಹೇಮಾದ್ರಿಯದನ್ನೂ ಸೇರಿಸಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯವು 1939ರಲ್ಲಿ ಹೊರತಂದ ಆವೃತ್ತಿಯು ದೇಶದ ವೈದ್ಯರೆಲ್ಲರ ಕೈಗೂ ಬಂದಿತು. ನಮ್ಮ ಉಡುಪಿಯಲ್ಲಿ 1958ರಲ್ಲಿ ಸ್ಥಾಪಿತವಾದ ಆಯುರ್ವೇದ ಮಹಾವಿದ್ಯಾಲಯದಲ್ಲಿಯೂ ವಿದ್ಯಾರ್ಥಿಗಳು ಅಷ್ಟಾಂಗಹೃದಯವನ್ನು ಅಭ್ಯಾಸ ಮಾಡುತ್ತಾರೆ.

ನಮ್ಮ ಮನೆಗಳಲ್ಲಿ

ಗ್ರಂಥವನ್ನು ಕಾಣದ ಮನೆಗಳಲ್ಲಿಯೂ ಋತುಚರ್ಯೆಯು ಆಚಾರವಾಗಿ ಉಳಿದಿದೆ. ಚೈತ್ರದ ಯುಗಾದಿಗೆ ಬೇವುಬೆಲ್ಲ, ಚಳಿಯ ಸಂಕ್ರಾಂತಿಗೆ ಎಳ್ಳುಬೆಲ್ಲ, ನರಕಚತುರ್ದಶಿಗೆ ಎಣ್ಣೆಸ್ನಾನ ಇವು ಎಲ್ಲ ಕನ್ನಡಿಗರಿಗೂ ಪರಿಚಿತ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆಮರದ ಕೆತ್ತೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದ ಜಜ್ಜಿ ತಂದು, ಕಾಳುಮೆಣಸು ಮುಂತಾದುವನ್ನು ಸೇರಿಸಿ ಮನೆಮಂದಿಯೆಲ್ಲ ಕಷಾಯ ಕುಡಿಯುತ್ತಾರೆ. ಅದರ ಉಷ್ಣಕ್ಕೆ ಮೆಂತೆಯ ಗಂಜಿ ಉಣ್ಣುತ್ತಾರೆ. ಸಂಸ್ಕೃತದಲ್ಲಿ ಸಪ್ತಪರ್ಣವೆನಿಸಿದ ಈ ಮರವನ್ನು ವಾಗ್ಭಟರೂ ಬಲ್ಲರು. ಆ ಅಮಾವಾಸ್ಯೆ ಕಳೆದರೆ ಸಾಮಾನ್ಯವಾಗಿ ಶ್ರಾವಣ. ಅವರು ಶೋಧನೆಗೆ ಹೇಳಿದ ತಿಂಗಳುಗಳಲ್ಲಿ ಅದೂ ಒಂದು. ವಿಧಾನ ಬೇರೆ, ಕಾಲದ ಅರಿವು ಒಂದೇ. ಆದರೆ ಕತ್ತಲಲ್ಲಿ ಬೇರೆ ಮರದ ತೊಗಟೆ ತಂದರೆ ವಿಷವಾದೀತು. ಮರವನ್ನು ಗುರುತಿಸಬಲ್ಲ ಹಿರಿಯರಿಲ್ಲದ ನಗರದಲ್ಲಿ ಈ ಕಷಾಯಕ್ಕೆ ಕೈಹಾಕದಿರುವುದೇ ಲೇಸು.

ಊರಿನಿಂದ ದೂರವಾಗಿ ಖೋಲಿಗಳಲ್ಲಿ ವಾಸಿಸುವ ನಮಗೆ ಪಂಚಕರ್ಮಕ್ಕೆ ಬಿಡುವೂ ಇಲ್ಲ, ಬಹುಮಂದಿಗೆ ಹಣವೂ ಇಲ್ಲ. ಅದಕ್ಕಾಗಿ ಮರುಗಬೇಕಾಗಿಲ್ಲ. ವಾಗ್ಭಟರು ಹಣವಿಲ್ಲದವನಿಗೂ ಬಹಳವನ್ನು ಬಿಟ್ಟುಹೋಗಿದ್ದಾರೆ. ಹೊಟ್ಟೆಯ ಎರಡು ಪಾಲನ್ನು ಅನ್ನಕ್ಕೂ ಒಂದು ಪಾಲನ್ನು ನೀರಿಗೂ ಕೊಟ್ಟು, ನಾಲ್ಕನೆಯ ಪಾಲನ್ನು ವಾಯುವಿಗಾಗಿ ಬರಿದಾಗಿ ಬಿಡುವುದಕ್ಕೆ ಖರ್ಚಿಲ್ಲ. ಮಳೆಗಾಲದಲ್ಲಿ ನೀರು ಕುದಿಸುವುದಕ್ಕೆ, ಹೆಡೆಯೆತ್ತಿದ ಮತ್ಸರವನ್ನು ಅದುಮುವುದಕ್ಕೆ, ಮಲಗುವ ಮುನ್ನ ಕಳೆದ ದಿನವನ್ನು ನೆನೆಯುವುದಕ್ಕೆ ಶ್ರೀಮಂತಿಕೆ ಬೇಕಿಲ್ಲ. ದಾನಶೀಲನಾಗಿ, ಸತ್ಯವಂತನಾಗಿ, ಕ್ಷಮಾವಂತನಾಗಿ, ಹಿತವನ್ನು ಉಂಡು ಬಾಳುವವನು ನಿರೋಗಿಯಾಗುವನೆಂದು ಸಾರಿದ ಆ ಸಿಂಧೂ ದೇಶದ ವೈದ್ಯರು ನಮ್ಮ ದುಡಿಯುವ ಬಂಧುಗಳಿಗೆ ಎಂದೆಂದಿಗೂ ಹಿತಚಿಂತಕರು. ಹೇಳಿದವರ ಹೆಸರಿಗಾಗಿ ಅಲ್ಲ, ಮಾತಿನ ಗುಣಕ್ಕಾಗಿ ಅದನ್ನು ಸ್ವೀಕರಿಸುವುದೇ ಅವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.